ದುಡ್ಡು ಅದೇ, ಎಣಿಸುವ ಕೈ ಬೇರೆ

ನಾನು ಓದಿದ್ದು ಬಿ.ಕಾಂ. ಇತಿಹಾಸದ ಋಣ ಹೈಸ್ಕೂಲಿಗೇ ತೀರಿತ್ತು. ಆದರೂ ಇವತ್ತು ಇತಿಹಾಸ ಬರೆಯಲು ಕೂತಿದ್ದೇನೆ, ಯಾಕೆಂದರೆ ಇದರಲ್ಲಿ ಒಂದು ಲೆಕ್ಕ ಇದೆ.

1995ರಲ್ಲಿ ನನಗೆ ಅಂಧೇರಿ ಪೂರ್ವದ ಶಾಖೆಗೆ ವರ್ಗವಾಯಿತು. ಬೆಸ್ಟ್ ಬಸ್ಸಿನಲ್ಲಿ ಜೋತಾಡಿಕೊಂಡು ಮಹಾಕಾಳಿ ಕೇವ್ಸ್ ರೋಡಿನಲ್ಲಿ ಹೋಗುವಾಗ 'ಚೆಶೈರ್ ಹೋಮ್' ಅನ್ನುವ ಬೋರ್ಡು ಕಾಣುತ್ತಿತ್ತು. ಅಂಗವಿಕಲರ ವಸತಿಗೃಹ ಅಂತ ಯಾರೋ ಹೇಳಿದ್ದರು. ಒಳ್ಳೆಯ ಕೆಲಸ ಅಂದುಕೊಂಡು ಸುಮ್ಮನಾಗಿದ್ದೆ.

ಅದೇ ಶಾಖೆಗೆ ಒಂದು ದಿನ ಗಾಲಿಕುರ್ಚಿಯಲ್ಲಿ ಒಬ್ಬರು ಖಾತೆ ತೆರೆಯಲು ಬಂದರು. ಕುರ್ಚಿ ತಳ್ಳಿಕೊಂಡು ಬಂದವರು ಅವರ ಅಣ್ಣ. ನಾನು ಫಾರಂ ತೆಗೆದು ಅಣ್ಣನನ್ನೇ ಕೇಳಿದೆ: "ಇವರಿಗೆ ಸೈನ್ ಮಾಡಲು ಬರುತ್ತಾ? ಗಾರ್ಡಿಯನ್ ನೀವೇನಾ?" ಕುರ್ಚಿಯಲ್ಲಿದ್ದವರು ದನಿ ಏರಿಸದೆ ಮರಾಠಿಯಲ್ಲಿ ಹೇಳಿದರು: "ಸಾಹೇಬ್, ನಡುಗೋದು ಕೈ, ತಲೆಯಲ್ಲ. ದುಡ್ಡು ನನ್ನದು, ನನ್ನನ್ನೇ ಕೇಳಿ." ಮುಖಕ್ಕೆ ಹೊಡೆದ ಹಾಗಾಯಿತು. ಖಾತೆ ತೆರೆದುಕೊಟ್ಟೆ, ಆದರೆ ಆ ಮಾತು ಹೋಗಲಿಲ್ಲ.

ಈಚೆಗೆ ಈ ಚೆಶೈರ್ ಯಾರಪ್ಪ ಅಂತ ಹುಡುಕಿಕೊಂಡು ಹೋದೆ. ಲೆನಾರ್ಡ್ ಚೆಶೈರ್ ಎರಡನೇ ಮಹಾಯುದ್ಧದ ಬ್ರಿಟಿಷ್ ಪೈಲಟ್. ನಾಗಸಾಕಿಯ ಮೇಲೆ ಬಾಂಬು ಬಿದ್ದಾಗ ವೀಕ್ಷಕನಾಗಿ ವಿಮಾನದಲ್ಲಿದ್ದವನು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿ 'ಲೆ ಕೋರ್ಟ್' ಅನ್ನುವ ದೊಡ್ಡ ಬಂಗಲೆಗೆ, ಕ್ಯಾನ್ಸರ್‌ನಿಂದ ಸಾಯುತ್ತಿದ್ದ ಒಬ್ಬರನ್ನು ಕರೆತಂದು ತಾನೇ ಆರೈಕೆ ಮಾಡಿದ. ಅದು 1948. ಅಲ್ಲಿಂದ ಬೆಳೆದದ್ದೇ ಚೆಶೈರ್ ಹೋಮ್‌ಗಳ ಸಾಲು. ನಮ್ಮ ಅಂಧೇರಿಯದು 1956ರಲ್ಲಿ ಶುರುವಾದದ್ದು, ಭಾರತದಲ್ಲೇ ಮೊದಲನೆಯದು. ಬೆಂಗಳೂರಿನಲ್ಲೂ ಒಂದಿದೆ.

ಅದೇ 1948ರಲ್ಲಿ ಬ್ರಿಟನ್ನಿನಲ್ಲಿ ನ್ಯಾಷನಲ್ ಅಸಿಸ್ಟೆನ್ಸ್ ಆಕ್ಟ್ ಬಂತು. ಅಂಗವಿಕಲರಿಗೆ ಸೇವೆ ಒದಗಿಸುವುದು ಸ್ಥಳೀಯ ಆಡಳಿತದ ಕೆಲಸ ಅಂತಾಯಿತು. ಆದರೆ ಸೇವೆಯ ಬದಲು ವ್ಯಕ್ತಿಯ ಕೈಗೆ ನಗದು ಕೊಡುವ ಹಾಗಿರಲಿಲ್ಲ. ಹಾಸಿಗೆ, ಊಟ, ನರ್ಸು ಕೊಡಬಹುದು, ರೊಕ್ಕ ಮಾತ್ರ ಕೊಡಬಾರದು. ಈ ಒಂದು ಗೆರೆ ಅಳಿಸಲು ಸುಮಾರು ಐವತ್ತು ವರ್ಷ ಬೇಕಾಯಿತು ನೋಡಿ.

ಲೆ ಕೋರ್ಟ್‌ನಲ್ಲಿ ಇದ್ದವರು ಸುಮ್ಮನೆ ಕೂರುವ ಜನ ಅಲ್ಲ. ಎಷ್ಟು ಗಂಟೆಗೆ ಮಲಗಬೇಕು ಅನ್ನುವುದಕ್ಕೂ ಆಡಳಿತದವರ ಜೊತೆ ಜಗಳ ಆಗಿತ್ತು. ಬೆಳೆದ ಮನುಷ್ಯನಿಗೆ ಮಲಗುವ ಹೊತ್ತನ್ನು ಬೇರೆಯವರು ಗೊತ್ತುಮಾಡುವುದು! ಅಲ್ಲಿದ್ದ ಪಾಲ್ ಹಂಟ್ ಅನ್ನುವವರು 1972ರಲ್ಲಿ 'ಗಾರ್ಡಿಯನ್' ಪತ್ರಿಕೆಗೆ ಕಾಗದ ಬರೆದು, ಹೀಗೆ ಪ್ರತ್ಯೇಕವಾಗಿ ಕೂಡಿಹಾಕುವುದರ ವಿರುದ್ಧ ಅಂಗವಿಕಲರೇ ಸಂಘಟಿತರಾಗಬೇಕು ಅಂದರು.

1979ರಲ್ಲಿ ಜಾನ್ ಇವಾನ್ಸ್ ಮತ್ತು ಕೆಲವು ಗೆಳೆಯರು ಅಲ್ಲೇ ಒಂದು ಗುಂಪು ಕಟ್ಟಿಕೊಂಡರು. 1981 ವಿಶ್ವಸಂಸ್ಥೆಯ ಅಂಗವಿಕಲರ ವರ್ಷ ಆಗಲಿತ್ತಲ್ಲ, ಹಾಗಾಗಿ ಹೆಸರು 'ಪ್ರಾಜೆಕ್ಟ್ 81'. ಅಮೆರಿಕದ ಬರ್ಕ್ಲಿಯಲ್ಲಿ ಅಂಗವಿಕಲರೇ ನಡೆಸುತ್ತಿದ್ದ ಕೇಂದ್ರದ ಸುದ್ದಿ ಅವರಿಗೆ ಗೊತ್ತಿತ್ತು. ಅವರ ವಾದವನ್ನು ನನ್ನಂಥ ಗುಮಾಸ್ತನೂ ಒಪ್ಪಲೇಬೇಕು: "ನಮ್ಮ ತಲೆಗಿಷ್ಟು ಅಂತ ನೀವು ಈ ಗೃಹಕ್ಕೆ ಹೇಗೂ ಕಟ್ಟುತ್ತಿದ್ದೀರಿ. ಅದೇ ಹಣ ನಮಗೆ ಕೊಡಿ. ಬಾಡಿಗೆ ಮನೆಯಲ್ಲಿದ್ದು, ಸಹಾಯಕರನ್ನು ನಾವೇ ಆರಿಸಿ, ನಾವೇ ಸಂಬಳ ಕೊಟ್ಟುಕೊಳ್ಳುತ್ತೇವೆ." ಹೊಸದಾಗಿ ಒಂದು ಪೈಸೆಯನ್ನೂ ಕೇಳಲಿಲ್ಲ.

ಆದರೆ ಕಾನೂನು ಅಡ್ಡ ಇತ್ತಲ್ಲ? ಇಲ್ಲಿ ಒಂದು ಉಪಾಯ ಮಾಡಿದರು, ಓದಿದಾಗ ನನಗೆ ನಗು ಬಂತು. ಆಡಳಿತ ಹಣವನ್ನು ಮೊದಲಿನ ಹಾಗೇ ಸಂಸ್ಥೆಗೆ ಕಟ್ಟುವುದು, ಸಂಸ್ಥೆ ಅದನ್ನು ಹೊರಗೆ ಹೋದವನಿಗೆ ದಾಟಿಸುವುದು! ನಮ್ಮಲ್ಲಾಗಿದ್ದರೆ ಇನ್ಸ್‌ಪೆಕ್ಷನ್ನಿಗೆ ಬಂದವರು ಕೆಂಪು ಇಂಕಿನಲ್ಲಿ ಗೀಚುತ್ತಿದ್ದರು. 1983ರಲ್ಲಿ ಇವಾನ್ಸ್ ಲೆ ಕೋರ್ಟ್ ಬಿಟ್ಟು ಸ್ವಂತ ಮನೆಗೆ ಹೋದರು. ಕುತ್ತಿಗೆಯ ಕೆಳಗೆ ಸ್ವಾಧೀನವಿಲ್ಲದ ಮನುಷ್ಯ, ತನ್ನ ಸಹಾಯಕರಿಗೆ ಸಂಬಳ ಕೊಡುವ ಯಜಮಾನ.

ಸರ್ಕಾರಕ್ಕೆ ಮಾತ್ರ ಭಯ. 1988ರಲ್ಲಿ 'ಇಂಡಿಪೆಂಡೆಂಟ್ ಲಿವಿಂಗ್ ಫಂಡ್' ಅಂತ ಒಂದು ನಿಧಿ ಮಾಡಿದರು. ಕೆಲವೇ ನೂರು ಅರ್ಜಿ ಬಂದೀತು ಅಂದುಕೊಂಡಿದ್ದರಂತೆ, ಐದು ವರ್ಷದಲ್ಲಿ ಫಲಾನುಭವಿಗಳು 20,000 ದಾಟಿದರು. ಬಾಗಿಲು ಅರ್ಧ ಮುಚ್ಚಿದರು. 1994ರಲ್ಲಿ ಝಾರ್ಬ್ ಮತ್ತು ನದಾಶ್ ಅನ್ನುವವರು ಅಂಗವಿಕಲರ ಒಕ್ಕೂಟಕ್ಕಾಗಿ ಲೆಕ್ಕ ಹಾಕಿ ತೋರಿಸಿದರು. ಹಣ ಕೈಗೇ ಕೊಟ್ಟರೆ ಖರ್ಚು ಸರಾಸರಿ ಶೇ. 30ರಿಂದ 40ರಷ್ಟು ಕಡಿಮೆ, ತೃಪ್ತಿ ಜಾಸ್ತಿ. ಅಲ್ಲಿಗೆ ಮಂತ್ರಿಗಳ ಕಿವಿ ನೆಟ್ಟಗಾಯಿತು. 1996ರಲ್ಲಿ ನೇರ ಪಾವತಿಯ ಕಾಯ್ದೆ ಬಂತು, 1997ರ ಏಪ್ರಿಲ್‌ನಿಂದ ಜಾರಿ. ಮೊದಲಿಗೆ 65 ದಾಟಿದವರಿಗಿಲ್ಲ, ಒಂದೇ ಮನೆಯಲ್ಲಿರುವ ಹತ್ತಿರದ ಸಂಬಂಧಿಗೆ ಸಂಬಳ ಕೊಡುವಂತಿಲ್ಲ, ಬೇರೆ ಬ್ಯಾಂಕ್ ಖಾತೆ ಇಡಬೇಕು, ರಸೀದಿ ಒಪ್ಪಿಸಬೇಕು. ವಯಸ್ಸಿನ ಮಿತಿ 2000ದಲ್ಲಿ ಹೋಯಿತು. 'ಕೊಡಬಹುದು' ಅನ್ನುವುದು 'ಕೇಳಿದರೆ ಕೊಡಲೇಬೇಕು' ಆಗಿದ್ದು 2003ರಲ್ಲಿ.

ದುಡ್ಡು ಕೊಟ್ಟರೆ ದುರುಪಯೋಗ ಆಗುತ್ತೆ ಅನ್ನುವುದು ನಮ್ಮ ಬ್ಯಾಂಕಿನವರ ರಕ್ತದಲ್ಲೇ ಇದೆ, ಹಾಗಾಗಿ ಅದನ್ನೂ ನೋಡಿದೆ. ಅಮೆರಿಕದಲ್ಲಿ ಇದನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದ್ದಾರೆ. 1998ರಲ್ಲಿ ಅರ್ಕನ್ಸಾದಲ್ಲಿ ಶುರುವಾಗಿ ನ್ಯೂಜೆರ್ಸಿ, ಫ್ಲಾರಿಡಾಗಳಲ್ಲೂ ನಡೆಯಿತು. ಬಜೆಟ್ ಕೈಗೆ ಸಿಕ್ಕವರ ಆರೋಗ್ಯ ಕೆಡಲಿಲ್ಲ, ಸಮಾಧಾನ ಹೆಚ್ಚಿತು, ದುರುಪಯೋಗ ತೀರಾ ಅಪರೂಪ.

ಹಾಗಂತ ಎಲ್ಲ ಸರಿ ಅನ್ನಲಾರೆ. 2005ರಿಂದ ಇಂಗ್ಲೆಂಡಿನ 13 ಕಡೆ 'ವೈಯಕ್ತಿಕ ಬಜೆಟ್' ಪ್ರಯೋಗ ನಡೆದಾಗ ಕಿರಿಯರು ಹಿಗ್ಗಿದರು, ಆದರೆ ವಯಸ್ಸಾದವರಲ್ಲಿ ಹಲವರಿಗೆ ಈ ಲೆಕ್ಕಪತ್ರ ಹೊರೆಯಾಯಿತು. ನಮ್ಮ ಪಿಂಚಣಿದಾರರನ್ನು ನೋಡಿದವನಿಗೆ ಇದು ಆಶ್ಚರ್ಯವಲ್ಲ. ಇನ್ನೊಂದು ನನ್ನ ಅನುಮಾನ: ಉಳಿತಾಯದ ಆಸೆಗೆ ಒಪ್ಪಿದ ಸರ್ಕಾರ ಮುಂದೆ ಇನ್ನಷ್ಟು ಉಳಿಸಲು ನೋಡದೆ ಇರುತ್ತದೆಯೇ? 2015ರ ಏಪ್ರಿಲ್‌ನಲ್ಲಿ ವೈಯಕ್ತಿಕ ಬಜೆಟ್ ಇಂಗ್ಲೆಂಡಿನಲ್ಲಿ ಕಾನೂನಿನ ಹಕ್ಕಾಯಿತು. ಅದೇ ವರ್ಷದ ಜೂನ್ 30ಕ್ಕೆ ಆ ಹಳೆಯ ನಿಧಿಯನ್ನು ಮುಚ್ಚಿ, ಹಣವನ್ನು ಸ್ಥಳೀಯ ಆಡಳಿತಗಳಿಗೆ ದಾಟಿಸಿದರು. ಇದಕ್ಕೇ ಖರ್ಚು ಮಾಡಬೇಕು ಅನ್ನುವ ಕಟ್ಟು ಇಂಗ್ಲೆಂಡಿನಲ್ಲಿ ಇರಲಿಲ್ಲ.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಮುದಾಯದ ನಡುವೆ ಬದುಕುವ ಹಕ್ಕಿದೆ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಇದೆ. ವ್ಯಕ್ತಿಗೊಂದು ಬಜೆಟ್ ಅನ್ನುವ ಮಾತು ಇಲ್ಲ.

ನನ್ನ ಆ ಗ್ರಾಹಕರಿಗೆ ಯಾವ ಸರ್ಕಾರವೂ ಕೊಡುತ್ತಿರಲಿಲ್ಲ. ತಂದೆ ಬಿಟ್ಟುಹೋದ ಅಂಗಡಿಯ ಬಾಡಿಗೆಯಲ್ಲಿ ಅವರ ಪಾಲು ಖಾತೆಗೆ ಬರುತ್ತಿತ್ತು. ಆಮೇಲೆ ಅಣ್ಣ ಬರುವುದು ನಿಂತಿತು, ಒಬ್ಬ ಹುಡುಗ ಕುರ್ಚಿ ತಳ್ಳುತ್ತಿದ್ದ. ಪ್ರತಿ ತಿಂಗಳು ಮೊದಲ ವಾರ ಸಾವಿರದ ಇನ್ನೂರು, ಎಲ್ಲ ಐವತ್ತರ ನೋಟು. ನಡುಗುವ ಬೆರಳಲ್ಲಿ ಎರಡೆರಡು ಸಲ ಎಣಿಸುತ್ತಿದ್ದರು. ಹಿಂದೆ ಕ್ಯೂನಲ್ಲಿ ಗೊಣಗಾಟ ಶುರುವಾಗುತ್ತಿತ್ತು, ನಾನು ಕೇಳದವನ ಹಾಗೆ ಲೆಡ್ಜರ್ ತಿರುವುತ್ತಿದ್ದೆ. ಎಣಿಸಿ ಮುಗಿದ ಮೇಲೆ ಹುಡುಗನ ಕಡೆ ತಿರುಗಿ, "ಘೇ ರೇ, ತುಝಾ ಪಗಾರ್" ಅಂತ ಅಲ್ಲೇ, ಕೌಂಟರಿನ ಎದುರೇ ಕೊಡುತ್ತಿದ್ದರು.