ಕ್ಷ-ಕಿರಣಕ್ಕೆ ತೆತ್ತ ಬೆಲೆ

ಬೀಜಗಣಿತದಲ್ಲಿ ಗೊತ್ತಿಲ್ಲದ ಬೆಲೆಗೆ ‘ಎಕ್ಸ್’ ಎಂಬ ಅಕ್ಷರವನ್ನಿಡುವುದು ವಾಡಿಕೆ. 1895ರ ನವೆಂಬರ್ 8ರಂದು ಜರ್ಮನಿಯ ವ್ಯುರ್ಟ್ಸ್‌ಬರ್ಗ್ ನಗರದಲ್ಲಿ ಪ್ರೊಫೆಸರ್ ರಾಂಟ್ಜೆನ್ನರು ಹೊಸದೊಂದು ಕಿರಣವನ್ನು ಕಂಡರು. ಅದರ ಸ್ವರೂಪವು ತಿಳಿಯದ್ದರಿಂದ ‘ಎಕ್ಸ್’ ಕಿರಣವೆಂದು ಕರೆದರು. ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು. ಆ ತಿಳಿಯದಿದ್ದ ಅಂಶಕ್ಕೆ ಮುಂದೆ ಹಲವರು ಪ್ರಾಣವನ್ನೇ ತೆರಬೇಕಾಯಿತು.

ಬೆಳಕಿನಂತೆ, ರೇಡಿಯೋ ಅಲೆಯಂತೆ ಇದೂ ವಿದ್ಯುತ್ಕಾಂತ ತರಂಗವೇ. ಅಲೆಯ ಉದ್ದ ಬಹಳ ಕಿರಿದು, ಶಕ್ತಿ ಬಹಳ ಹಿರಿದು. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಧಾವಿಸುವ ಎಲೆಕ್ಟ್ರಾನುಗಳು ಲೋಹಕ್ಕೆ ಬಡಿದು ಥಟ್ಟನೆ ನಿಂತಾಗ ಈ ಕಿರಣವು ಹುಟ್ಟುತ್ತದೆ. ಮಾಂಸವು ಅದನ್ನು ಅಷ್ಟಾಗಿ ಹೀರದು. ಕ್ಯಾಲ್ಸಿಯಂ ತುಂಬಿದ ಮೂಳೆಯು ಹೆಚ್ಚು ಹೀರುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ರಾಂಟ್ಜೆನ್ನರ ಪತ್ನಿಯ ಕೈಮೂಳೆಗಳೂ ಬೆರಳಿನ ಉಂಗುರವೂ ಚಿತ್ರದಲ್ಲಿ ಮೂಡಿದುದು ಹೀಗೆಯೇ. ಆದರೆ ದೇಹವು ಹೀರಿದ ಶಕ್ತಿಯು ಸುಮ್ಮನಿರುವುದಿಲ್ಲ. ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಜೀವಕೋಶಗಳನ್ನು ಕೆಡಿಸುತ್ತದೆ. ಚಿತ್ರವನ್ನು ಕೊಡುವ ಗುಣವೇ ಕೇಡಿಗೂ ಮೂಲ.

ಬೆಂಕಿಯಾದರೆ ಮುಟ್ಟಿದೊಡನೆ ಕೈ ಹಿಂದೆಗೆಯುತ್ತೇವೆ. ಈ ಕಿರಣವು ತಾಕುವಾಗ ನೋವಿಲ್ಲ; ಗಾಯವು ದಿನಗಳು ಕಳೆದ ಮೇಲೆ ಕಾಣಿಸುತ್ತದೆ. ಅಮೆರಿಕೆಯಲ್ಲಿ ಎಡಿಸನ್ನನ ಪ್ರಯೋಗಶಾಲೆಯಲ್ಲಿದ್ದ ಕ್ಲಾರೆನ್ಸ್ ಡ್ಯಾಲಿಯೆಂಬ ಗಾಜಿನ ಕುಶಲಕರ್ಮಿಯು ಕೊಳವೆಗಳನ್ನು ತನ್ನ ಕೈಯನ್ನೇ ಒಡ್ಡಿ ಪರೀಕ್ಷಿಸುತ್ತಿದ್ದನು. ಒಂದು ಕೈ ಹುಣ್ಣಾದಾಗ ಇನ್ನೊಂದನ್ನು ಒಡ್ಡಿದನು! ಕಡೆಗೆ ಎರಡು ಕೈಗಳನ್ನೂ ಕತ್ತರಿಸಬೇಕಾಯಿತು. ಆದರೂ ಕ್ಯಾನ್ಸರ್ ನಿಲ್ಲಲಿಲ್ಲ. 1904ರಲ್ಲಿ, 39ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ಎಡಿಸನ್ನನು ಕ್ಷ-ಕಿರಣದ ಕೆಲಸವನ್ನೇ ಕೈಬಿಟ್ಟನು.

ಡ್ಯಾಲಿಯಂತೆಯೇ ಅನೇಕ ವೈದ್ಯರೂ ದಾದಿಯರೂ ಬಲಿಯಾದರು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ತಜ್ಞರು ರಕ್ಷಣೆಯ ನಿಯಮಗಳಿಗಾಗಿ ಅಂತರರಾಷ್ಟ್ರೀಯ ಸಮಿತಿಯೊಂದನ್ನು ನೇಮಿಸಿದರು. 1936ರಲ್ಲಿ ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ ಈ ಹುತಾತ್ಮರ ನೆನಪಿಗೆ ನಿಲ್ಲಿಸಿದ ಕಲ್ಲಿನಲ್ಲಿ 169 ಹೆಸರುಗಳಿದ್ದುವು. ಆಮೇಲೆ ಇನ್ನೂ ಅನೇಕ ಹೆಸರುಗಳು ಸೇರಿದುವು.

ಇಂದು ಎದೆಯ ಚಿತ್ರ ತೆಗೆಯುವಾಗ ತಗಲುವ ಕಿರಣವು ಅತ್ಯಲ್ಪ, ರೋಗಿಯು ಅಂಜಬೇಕಾದುದಿಲ್ಲ. ಆದರೆ ದಿನವೂ ಅದೇ ಕೆಲಸ ಮಾಡುವವರ ಪಾಡು ಬೇರೆ. ‘ಉಸಿರು ಹಿಡಿಯಿರಿ’ ಎಂದು ಹೇಳಿ ಆ ಮನುಷ್ಯನು ಸೀಸದ ತಡಿಕೆಯ ಮರೆಗೆ ಸರಿಯುವಾಗ, ಹಾಗೆ ಸರಿಯಬೇಕೆಂಬುದನ್ನು ಲೋಕಕ್ಕೆ ಕಲಿಸಿದವರು ಡ್ಯಾಲಿಯಂಥವರೆಂಬುದನ್ನು ನೆನೆಯೋಣ.