ಹುಚ್ಚು ನಾಯಿಯ ಭಯ: ಅಂದು, ಇಂದು

‘ಹುಚ್ ನಾಯಿ ಬಂತಂಬ್ರ್, ಮಕ್ಳನ್ ಒಳ್ಗ್ ಕರ್ಕಣಿ’ ಎಂಬ ಒಂದೇ ಕೂಗಿಗೆ ಇಡೀ ಕೇರಿಯ ಬಾಗಿಲು ಮುಚ್ಚುತ್ತಿದ್ದ ಕಾಲವಿತ್ತು. ಹಾವು ಕಚ್ಚಿ ಬದುಕಿದವರುಂಟು. ಈ ರೋಗದ ಲಕ್ಷಣ ಕಂಡ ಮೇಲೆ ಬದುಕಿದವರು ಇಲ್ಲವೆಂದೇ ಹೇಳಬೇಕು.

ಹುಚ್ಚು ಪ್ರಾಣಿ ಕಚ್ಚಿದವನು ನೀರಿಗೆ ಹೆದರಿದರೆ ಅದು ಮರಣದ ಚಿಹ್ನೆಯೆಂದು ಸುಶ್ರುತ ಸಂಹಿತೆಯೇ ಹೇಳಿದೆ. ರೋಗಾಣು ಗಾಯದಿಂದ ನರಗಳ ದಾರಿಯಲ್ಲಿ ಮಿದುಳು ಸೇರುತ್ತದೆ. ನುಂಗಹೋದರೆ ಗಂಟಲು ಸೆಳೆಯುತ್ತದೆ. ನೀರಿನ ಭಯಕ್ಕೆ ಇದೇ ಕಾರಣ.

ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ ಹಚ್ಚುವುದು, ಮಂತ್ರಿಸಿದ ನೂಲು ಕಟ್ಟುವುದು, ಹರಕೆ ಹೊರುವುದು ನಮ್ಮ ನಾಡಿನ ಹಲವೆಡೆ ನಡೆದುಬಂತು. ಕಚ್ಚಿದ ನಾಯಿಗೆಲ್ಲ ಹುಚ್ಚಿರುವುದಿಲ್ಲ. ಹುಚ್ಚು ನಾಯಿ ಕಚ್ಚಿದವರಿಗೆಲ್ಲ ರೋಗ ಬರುವುದೂ ಇಲ್ಲ. ಬಂದರೂ ವಾರಗಟ್ಟಲೆ, ತಿಂಗಳುಗಟ್ಟಲೆ ತಡ. ಹೀಗಾಗಿ ಬದುಕಿದವರೆಲ್ಲ ನೂಲಿನ ಖಾತೆಗೆ ಜಮೆಯಾದರು, ಸತ್ತವರು ಹಣೆಬರಹದ ಖಾತೆಗೆ ಖರ್ಚು ಬಿದ್ದರು!

1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಅವರು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಡಿಸಿದರು. ಹುಡುಗ ಬದುಕಿದ. ಭಾರತದ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಆರಂಭವಾಯಿತು. ನಮ್ಮ ಶಿರೂರಿನಿಂದ ಅಲ್ಲಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ! 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತಕ್ಕೊಂದು ಸಂಸ್ಥೆ ಬಂತು. ಆಗ ನಮ್ಮ ಊರು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅದೇ ವರ್ಷ ಮಂಗಳೂರಿಗೆ ರೈಲೂ ಬಂತು. ಆದರೆ ಇಲ್ಲಿಂದ ಮಂಗಳೂರು ಸೇರಲು ಎಷ್ಟು ಹೊಳೆ ದಾಟಬೇಕಿತ್ತು! ನೂಲು ಕಟ್ಟುವವನೋ ಪಕ್ಕದಲ್ಲೇ ಇದ್ದ. ನಮ್ಮ ಹಿರಿಯರನ್ನು ಮೂಢರೆಂದು ಹಳಿಯುವ ಮೊದಲು ಈ ದೂರವನ್ನೂ ನೆನೆಯಬೇಕು.

1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ಕುರಿಯ ಮಿದುಳಿನಿಂದ ಮಾಡಿದ ಲಸಿಕೆ ಮುಂದೆ ಊರೂರ ಆಸ್ಪತ್ರೆಗಳಿಗೆ ತಲುಪಿತು. ಆದರೆ ಅದರ ಜೊತೆ ಹೊಸ ಭಯವೂ ಬಂತು: ‘ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್!’ ನಾಯಿಗಿಂತ ಸೂಜಿಗೆ ಹೆದರಿ ಗಾಯ ಮುಚ್ಚಿಟ್ಟವರೂ ಇದ್ದರು. 2005ರ ಹೊತ್ತಿಗೆ ಭಾರತದಲ್ಲಿ ಆ ಲಸಿಕೆ ನಿಂತಿತು. ಈಗಿನದು ತೋಳಿಗೆ, ಕೆಲವೇ ಸಲ. 2022ರಲ್ಲಿ ನಮ್ಮ ರಾಜ್ಯ ಸರಕಾರ ಈ ರೋಗದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಆದೇಶಿಸಿತು.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ವಿನಂತಿ: ನಾಯಿ ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿವ ನೀರಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ ಬೇಡ, ಮೆಣಸು ಬೇಡ. ಅಂದೇ ಆಸ್ಪತ್ರೆಗೆ ಹೋಗಿ, ಹೇಳಿದ ಅಷ್ಟೂ ಇಂಜೆಕ್ಷನ್ ತೆಗೆದುಕೊಳ್ಳಿ. ಸಾಕುನಾಯಿಗೆ ತಪ್ಪದೆ ಲಸಿಕೆ ಹಾಕಿಸಿ. ದನಕ್ಕೆ ಕಚ್ಚಿದರೆ ಪಶುವೈದ್ಯರಿಗೆ ತಿಳಿಸಿ. ಮುಖ್ಯವಾಗಿ, ‘ನಾಯಿ ಕಚ್ಚಿತು’ ಎಂದು ಮಗು ಬಂದು ಹೇಳಿದರೆ ಗದರಬೇಡಿ. ಬೈಗುಳಕ್ಕೆ ಹೆದರಿ ಮಗು ಸುಮ್ಮನಿದ್ದುಬಿಟ್ಟರೆ ಯಾವ ಲಸಿಕೆಯೂ ಅದನ್ನು ತಲುಪದು.