ಆರೋಪಿಗೆ ಪರದೆ, ಪೊಲೀಸರಿಗೆ ನೇಮ್ ಪ್ಲೇಟ್

ಉತ್ತರ ಭಾರತದ ಠಾಣೆಗಳ ಕಾಗದಪತ್ರಗಳಲ್ಲಿ ಮೂರು ಹಳೆಯ ಪದಗಳು ಇನ್ನೂ ಉಳಿದುಕೊಂಡಿವೆ: ಶಿನಾಖ್ತ್, ಬಾಪರ್ದಾ, ರೋಜ್‌ನಾಮ್ಚಾ. ಉರ್ದು ಬಲ್ಲವರಿಗೆ ಅರ್ಥ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳ್ತೇನೆ. ಶಿನಾಖ್ತ್ ಅಂದರೆ ಗುರುತು ಹಿಡಿಯುವುದು. ಬಾಪರ್ದಾ ಅಂದರೆ ಪರದೆ ಸಮೇತ. ರೋಜ್‌ನಾಮ್ಚಾ ಅಂದರೆ ದಿನಚರಿ, ನಮ್ಮ ಕಡೆಯ ಸ್ಟೇಷನ್ ಡೈರಿ. ಬಾಪರ್ದಾ ಆಗುವವನು ಆರೋಪಿ. ಗುರುತು ಪತ್ತೆ ಪರೇಡಿಗೆ ಮುಂಚೆಯೇ ಸಾಕ್ಷಿ ಅವನ ಮುಖ ನೋಡಿಬಿಟ್ಟರೆ ಆ ಪರೇಡಿಗೆ ಕೋರ್ಟಿನಲ್ಲಿ ಬೆಲೆ ಇರುವುದಿಲ್ಲ. ಅದಕ್ಕೇ ಕಪ್ಪು ಬಟ್ಟೆ ಹಾಕಿ ಕರೆತರುತ್ತಾರೆ. ಅಂಥ ಫೋಟೋಗಳನ್ನು ಪೇಪರಿನಲ್ಲಿ ನೀವು ನೋಡೇ ಇರ್ತೀರಿ. ಆ ಪರದೆಗೊಂದು ಕಾರಣವಿದೆ. ಆದರೆ ಹಿಡಿಯಲು ಬಂದವರೇ ಮುಖ ಮುಚ್ಚಿಕೊಂಡಿದ್ದರೆ?

ಈ ಪ್ರಶ್ನೆಯ ಅರ್ಧ ಭಾಗಕ್ಕೆ ನಮ್ಮ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 18ರಂದು ಉತ್ತರ ಕೊಟ್ಟಿತು. ಹತ್ತು ವರ್ಷ ಹಿಂದೆ, 1986ರಲ್ಲಿ, ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ. ಕೆ. ಬಸು ಅವರು ಲಾಕಪ್ ಸಾವುಗಳ ಬಗ್ಗೆ ಪೇಪರಿನಲ್ಲಿ ಬಂದ ಸುದ್ದಿಗಳನ್ನಿಟ್ಟು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದಿದ್ದರು. ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡಿತು. ಕೊನೆಗೆ ಬಂದ ತೀರ್ಪಿನಲ್ಲಿ 11 ಸೂಚನೆಗಳಿದ್ದವು, ಪ್ರತಿ ಠಾಣೆಯಲ್ಲೂ ಎದ್ದು ಕಾಣುವ ಜಾಗದಲ್ಲಿ ಅವನ್ನು ಹಾಕಬೇಕೆಂದೂ ಹೇಳಿತು. ಮೊದಲನೆಯ ಸೂಚನೆಯೇ ಇದು: ಬಂಧಿಸುವ, ವಿಚಾರಣೆ ಮಾಡುವ ಪೊಲೀಸರ ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಎದುರಿನವರಿಗೆ ಕಾಣುವಂತಿರಬೇಕು. 2010ರ ನವೆಂಬರ್ 1ರಿಂದ ಇದು ದಂಡ ಪ್ರಕ್ರಿಯಾ ಸಂಹಿತೆಯ 41-ಬಿ ಕಲಮಾಯಿತು. 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಂ ಇದನ್ನೇ ಹೇಳುತ್ತದೆ.

ಈಗ ಗುಜರಾತಿಗೆ ಬನ್ನಿ. ಅಹಮದಾಬಾದ್ ಮತ್ತು ವಡೋದರಾ ನಡುವೆ ಖೇಡಾ ಜಿಲ್ಲೆ. ಸತ್ಯಾಗ್ರಹದ ಪಾಠದಲ್ಲಿ ಮಕ್ಕಳು ಓದುತ್ತಾರಲ್ಲ, ಅದೇ ಖೇಡಾ. ಅಲ್ಲಿನ ಉಂಧೇಲಾ ಹಳ್ಳಿಯಲ್ಲಿ 2022ರ ಅಕ್ಟೋಬರ್ 3ರ ರಾತ್ರಿ ಗರ್ಬಾ ನಡೆಯುವಾಗ ಕಲ್ಲು ಬಿತ್ತು ಎಂಬ ದೂರು ಬಂತು. ಮಾರನೇ ದಿನ ಪೊಲೀಸರು ಕೆಲವು ಮುಸ್ಲಿಮರನ್ನು ಹಿಡಿದು ತಂದು, ಊರ ಮಧ್ಯೆ ಕಂಬಕ್ಕೆ ಒತ್ತಿ ಹಿಡಿದು, ಜನರೆದುರಿಗೇ ಹೊಡೆದರು. ಹೊಡೆಯುತ್ತಿದ್ದವರು ಸಮವಸ್ತ್ರದಲ್ಲಿರಲಿಲ್ಲ. ಸಮವಸ್ತ್ರವೇ ಇಲ್ಲದ ಮೇಲೆ ನೇಮ್ ಪ್ಲೇಟ್ ಎಲ್ಲಿಂದ ಬರಬೇಕು? ನೋಡುತ್ತಿದ್ದವರು ಮಾಡಿಕೊಂಡ ವಿಡಿಯೋಗಳು ಊರೂರು ಸುತ್ತಿದವು.

ಏಟು ತಿಂದವರು ಸುಮ್ಮನಿರಲಿಲ್ಲ. ಬಸು ತೀರ್ಪನ್ನು ಉಲ್ಲಂಘಿಸಿದ್ದೇ ನ್ಯಾಯಾಂಗ ನಿಂದನೆ ಎಂದು ಗುಜರಾತ್ ಹೈಕೋರ್ಟಿಗೆ ಹೋದರು, 13 ಪೊಲೀಸರನ್ನು ಎದುರುದಾರರಾಗಿ ಮಾಡಿದರು. ಹೈಕೋರ್ಟು ನಡಿಯಾದ್‌ನ ಮ್ಯಾಜಿಸ್ಟ್ರೇಟರಿಂದ ವಿಚಾರಣೆ ಮಾಡಿಸಿತು. ವಿಡಿಯೋ ಮತ್ತು ಫೋಟೋಗಳನ್ನು ನೋಡಿ ಅವರು ಕೊಟ್ಟ ವರದಿಯಲ್ಲಿ ಪಾತ್ರ ಖಚಿತವಾದದ್ದು ನಾಲ್ವರದ್ದು. ಉಳಿದವರ ವಿಷಯದಲ್ಲಿ ಚಿತ್ರಗಳು ಅಸ್ಪಷ್ಟ. ಪರಿಹಾರ ಕೊಡುತ್ತೇವೆಂಬ ಮಾತು ಬಂದಾಗ ಅರ್ಜಿದಾರರು ಬೇಡವೆಂದರು. 2023ರ ಅಕ್ಟೋಬರ್ 19ರಂದು ಆ ನಾಲ್ವರಿಗೆ 14 ದಿನಗಳ ಸಾದಾ ಸಜೆಯಾಯಿತು. ಮುಂದಿನ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಮೇಲ್ಮನವಿ ತೆಗೆದುಕೊಂಡು ಶಿಕ್ಷೆಗೆ ತಡೆ ಕೊಟ್ಟಿದೆ. ಅದು ಬೇರೆ ಕಥೆ. ನನಗೆ ಮುಖ್ಯವೆನಿಸುವುದು 13 ಮತ್ತು 4ರ ನಡುವಿನ ಅಂತರ. ಹಗಲು ಹೊತ್ತು, ಊರೇ ನೋಡಿದೆ, ಕ್ಯಾಮೆರಾ ಇದೆ. ಆದರೂ ಮುಖ ಸರಿಯಾಗಿ ಕಾಣಿಸಿದವರ ಮೇಲಷ್ಟೇ ಕಾನೂನಿನ ಕೈ ಬಿತ್ತು.

ಹಾಶಿಂಪುರಾದಲ್ಲಿ ಕ್ಯಾಮೆರಾ ಹೋಗಲಿ, ಬೆಳಕೂ ಇರಲಿಲ್ಲ. 1987ರ ಮೇ 22, ರಂಜಾನಿನ ಶುಕ್ರವಾರ. ಮೀರತ್‌ನ ಆ ಮೊಹಲ್ಲಾದಿಂದ ಸುಮಾರು 40 ಜನರನ್ನು ಪಿಎಸಿ ಜವಾನರು ಟ್ರಕ್ಕಿನಲ್ಲಿ ತುಂಬಿಕೊಂಡು ಹೋಗಿ, ಗುಂಡಿಕ್ಕಿ ಕಾಲುವೆಗೆಸೆದರು. ಬದುಕಿ ಬಂದ ಕೆಲವರು ಏನಾಯಿತೆಂದು ಹೇಳಬಲ್ಲವರಾಗಿದ್ದರು. ಆದರೆ ಕತ್ತಲಲ್ಲಿ, ಒಂದೇ ಬಣ್ಣದ ಸಮವಸ್ತ್ರದಲ್ಲಿ, ಯಾರು ಯಾರೆಂದು ಹೇಗೆ ಹೇಳುವುದು? 28 ವರ್ಷದ ನಂತರ, 2015ರ ಮಾರ್ಚ್‌ನಲ್ಲಿ, ವಿಚಾರಣಾ ನ್ಯಾಯಾಲಯ ಗುರುತು ಸಾಬೀತಾಗಿಲ್ಲವೆಂದು 16 ಮಂದಿಯನ್ನು ಬಿಟ್ಟುಬಿಟ್ಟಿತು. ಶಿನಾಖ್ತ್ ಆಗಲಿಲ್ಲ. ಅದೇ 16 ಮಂದಿಗೆ 2018ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು. ಅದಕ್ಕೆ ಆಧಾರವಾದ ದಾಖಲೆಗಳಲ್ಲಿ ತಡವಾಗಿ ಕೋರ್ಟಿಗೆ ಬಂದ ಜನರಲ್ ಡೈರಿಯೂ ಒಂದು. ಆ ದಿನ ಕೆಲಸದ ಮೇಲೆ ಹೋದವರು ಯಾರು ಎಂಬುದು ಅದರಲ್ಲಿತ್ತು. ಮುಖ ಹೇಳಲಾರದ್ದನ್ನು ರೋಜ್‌ನಾಮ್ಚಾ ಹೇಳಿತು, ಆದರೆ 31 ವರ್ಷ ತೆಗೆದುಕೊಂಡಿತು.

ಇದು ನಮ್ಮ ದೇಶದ್ದೊಂದೇ ತಂಟೆಯಲ್ಲ. 1829ರಲ್ಲಿ ಲಂಡನ್ ಪೊಲೀಸ್ ಪಡೆ ಕಟ್ಟಿದಾಗಲೇ ಪೇದೆಗಳ ಕಾಲರಿನ ಮೇಲೆ ಅಕ್ಷರ, ನಂಬರು ಹಾಕಿಸಿದ್ದರು. ಅದೇ ಲಂಡನ್ನಿನಲ್ಲಿ 2009ರ ಏಪ್ರಿಲ್ 1ರಂದು, ಪ್ರತಿಭಟನೆಗೆ ಸಂಬಂಧವೇ ಇಲ್ಲದೆ ಮನೆಗೆ ಹೊರಟಿದ್ದ ಇಯಾನ್ ಟಾಮ್ಲಿನ್ಸನ್ ಎಂಬವರನ್ನು ಒಬ್ಬ ಪೊಲೀಸ್ ಹಿಂದಿನಿಂದ ಹೊಡೆದು ತಳ್ಳಿದ. ಅವರು ಸ್ವಲ್ಪ ಹೊತ್ತಿನಲ್ಲೇ ಸತ್ತರು. ತಳ್ಳಿದವನ ಮುಖ ಮುಚ್ಚಿತ್ತು, ಭುಜದ ನಂಬರು ಕಾಣುತ್ತಿರಲಿಲ್ಲ. ಫ್ರಾನ್ಸಿನ 2010ರ ಕಾನೂನು ಸಾರ್ವಜನಿಕ ಸ್ಥಳದಲ್ಲಿ ಮುಖ ಮುಚ್ಚುವುದನ್ನೇ ನಿಷೇಧಿಸಿತು. ನಮ್ಮಲ್ಲಿ ಅದು ನಿಖಾಬ್ ನಿಷೇಧವೆಂದೇ ಚರ್ಚೆಯಾಯಿತು. ವೃತ್ತಿಯ ಕಾರಣಕ್ಕೆ ಮುಖ ಮುಚ್ಚುವವರಿಗೆ ಅದರಲ್ಲಿ ವಿನಾಯಿತಿ ಇದೆ ಎನ್ನುವುದನ್ನು ಯಾರೂ ಅಷ್ಟು ಗಮನಿಸಲಿಲ್ಲ. ನೇರವಾಗಿ ಪೊಲೀಸರ ಮುಸುಕಿಗೇ ಕೈ ಹಾಕಿದ್ದು ಕ್ಯಾಲಿಫೋರ್ನಿಯಾ. ವಲಸೆ ಇಲಾಖೆಯವರು ಮುಸುಕು ಹಾಕಿಕೊಂಡು ಜನರನ್ನು ಹಿಡಿದೊಯ್ಯುವುದು ಹೆಚ್ಚಾದಾಗ, 2025ರ ಸೆಪ್ಟೆಂಬರಿನಲ್ಲಿ ಆ ರಾಜ್ಯ ಕಾನೂನು ಮಾಡಿತು. ರಹಸ್ಯ ಕಾರ್ಯಾಚರಣೆ, ವೈದ್ಯಕೀಯ ಮಾಸ್ಕ್ ಇಂಥವಕ್ಕೆ ವಿನಾಯಿತಿ ಇಟ್ಟಿತು. ಅಮೆರಿಕದ ಕೇಂದ್ರ ಸರ್ಕಾರ ಅದರ ವಿರುದ್ಧ ಕೋರ್ಟಿಗೆ ಹೋಯಿತು. ಗುರುತು ಸಿಕ್ಕರೆ ತಮ್ಮವರ ಮನೆಮಂದಿಗೆ ಅಪಾಯ ಎಂಬುದು ಅವರ ವಾದ. ಉಗ್ರರನ್ನು ಹಿಡಿಯಲು ಹೋಗುವವರ ಮಟ್ಟಿಗೆ ಆ ಭಯ ಸುಳ್ಳಲ್ಲ. ಆದರೆ ಲೈಬ್ರರಿಗೆ ನುಗ್ಗುವವರಿಗೆ ಯಾರ ಭಯ? 2019ರ ಡಿಸೆಂಬರ್ 15ರ ಜಾಮಿಯಾ ಲೈಬ್ರರಿಯ ವಿಡಿಯೋ ನೋಡಿದವರಿಗೆ ಮುಖಕ್ಕೆ ಬಟ್ಟೆ ಕಟ್ಟಿದ್ದ ಲಾಠಿಧಾರಿಗಳು ನೆನಪಿರಬಹುದು.

ನಮ್ಮ 36ನೇ ಕಲಮಿನಲ್ಲಿ ಹೆಸರಿದೆ, ಮುಖದ ಮಾತಿಲ್ಲ. ಅದೂ ಬಂಧಿಸುವ ಹೊತ್ತಿಗೆ ಮಾತ್ರ. ಲಾಠಿ ಬೀಸಿ ಹೋಗುವುದು ಬಂಧನವಲ್ಲ, ಹಾಗಾಗಿ ಆ ಹೊತ್ತಿನ ನೇಮ್ ಪ್ಲೇಟಿನ ಬಗ್ಗೆ ಕಲಂ ಮೌನ. ಇರುವಷ್ಟನ್ನಾದರೂ ಬಳಸಬಹುದು: ಮನೆಗೆ ಪೊಲೀಸರು ಬಂದರೆ ಹೆಸರು, ಹುದ್ದೆ, ಠಾಣೆ ಕೇಳಿ ಬರೆದುಕೊಳ್ಳಿ. ಬಂದ ಗಾಡಿಯ ನಂಬರು ಮತ್ತು ಹೊತ್ತನ್ನೂ ಬರೆದಿಡಿ.